ಅಕ್ಕನಿಗೆ ಕೊಟ್ಟ ಫೋನು

ಫೋನು ನಮ್ಮನ್ನು ನೋಡುತ್ತಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ಇಷ್ಟು ಬುದ್ಧಿ ನನಗಿದೆ ಅಂದುಕೊಂಡಿದ್ದೆ. ಈಗ ನಗುವುದಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟಾಗ ಔರಾದ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಚಿಂತಾಕಿಯಲ್ಲಿದ್ದ ನನ್ನ ಅಕ್ಕ, ಭಾವ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೊರಟರು. ನಾನು ಬೀದರಿನಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಭಾಲ್ಕಿ ಸ್ಟೇಷನ್ನಿಗೆ ಹೋಗಿ ನನ್ನ ಹಳೆಯ ಫೋನನ್ನು ಅಕ್ಕನ ಕೈಗಿಟ್ಟೆ.

“ನಂಗ್ಯಾಕೋ ಇದು? ನಂಗೇನ್ ಓದ್ಲಾಕ ಬರ್ತದ?”

“ಓದ್ಲಾಕಲ್ಲಕ್ಕಾ, ಮಾತಾಡ್ಲಾಕ. ನಿನಗ ಅದರಾಗ ಕಮ್ಮಿ ಇಲ್ಲ.”

ಸಿಮ್ ಬದಲಿಸಿದ್ದೆ. ಹೊಸ ಫೋನಿನಲ್ಲೂ ಇದ್ದ ನನ್ನ ಖಾತೆ ಅದರೊಳಗೆ ಹಾಗೇ ಉಳಿಯಿತು. ಅದನ್ನೂ ತೆಗೆಯಬೇಕೆಂದು ಗೊತ್ತಿರಲಿಲ್ಲ.

ಕೆಲವು ದಿನಗಳಲ್ಲಿ ಅಕ್ಕ ತೆಗೆದ ಚಿತ್ರಗಳು ನನ್ನ ಹೊಸ ಫೋನಿನಲ್ಲಿ ಕಾಣತೊಡಗಿದವು. ಅವಳ ತಗಡಿನ ಶೆಡ್ಡಿನಲ್ಲಿ ಕನ್ನಡಿ ಇರಲಿಲ್ಲ. ಕುಂಕುಮ ಸರಿಯಾಗಿದೆಯೇ ಎಂದು ಮುಖದ ಚಿತ್ರ ತೆಗೆದು ನೋಡಿಕೊಳ್ಳುತ್ತಿದ್ದಳು. ಮೊದಮೊದಲು ನಗು ಬಂತು. ಆಮೇಲೊಂದು ದಿನ ಅವಳ ಬೆನ್ನು ಬಂತು. ಕೈಗೆ ಎಟುಕದ ಗಾಯವನ್ನು ನೋಡಿಕೊಳ್ಳಲು ಫೋನನ್ನು ಹಿಂದೆ ಹಿಡಿದು ತೆಗೆದಿದ್ದಳು. ಉದ್ದಕ್ಕೆ ಭಾವನ ಬೆಲ್ಟಿನ ಬಾಸುಂಡೆಗಳು.

ನಾನು ಮುಚ್ಚಿಬಿಡಬೇಕಿತ್ತು. ಮತ್ತೆ ತೆರೆದೆ. ದಿನವೂ ತೆರೆದೆ, ಹೊಸದು ಬಂದಿದೆಯೇ ಎಂದು. ‘ಅವನನ್ನು ಬಿಟ್ಟು ಬಾ’ ಎನ್ನಬೇಕಾದರೆ ನನಗೆ ಹೇಗೆ ಗೊತ್ತಾಯಿತೆಂದು ಹೇಳಬೇಕಾಗುತ್ತಿತ್ತು. ಅದಕ್ಕೆ ಫೋನಿನಲ್ಲಿ “ಊಟ ಆಯ್ತೇನಕ್ಕಾ?” ಎಂದಷ್ಟೇ ಕೇಳುತ್ತಿದ್ದೆ. “ಆಯ್ತೋ ತಮ್ಮಾ, ಎಲ್ಲಾ ಚೊಲೋ ಅದ” ಎನ್ನುತ್ತಿದ್ದಳು. ನನ್ನ ಮಾನ ಉಳಿಸಿಕೊಳ್ಳಲು ಅವಳನ್ನು ಹೊಡೆತಕ್ಕೆ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಅಕ್ಕ ಪುಣೆಯಿಂದ ಒಬ್ಬಳೇ ನನ್ನ ಕೋಣೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಫೋನಿನ ಚೂರುಗಳನ್ನು ನೆಲದ ಮೇಲಿಟ್ಟಳು.

“ನಿಮ್ ಭಾವ ಕಲ್ಲಿಗಿ ಬಡ್ದು ಒಡ್ದಾನ. ರಿಪೇರಿ ಆಗ್ತದೇನ್ ನೋಡು.”

ಬಾಗಿಲಿಗೆ ಚಿಲಕ ಹಾಕಿ ಚಹಾ ಮಾಡಲು ಒಲೆಯ ಮುಂದೆ ಕುಳಿತಳು. ನಾನು ಗೋಡೆಗೆ ಮುಖ ಮಾಡಿ ನನ್ನ ಫೋನಿನಲ್ಲಿದ್ದ ಆ ಚಿತ್ರಗಳನ್ನು ಅಳಿಸತೊಡಗಿದೆ. ಅಷ್ಟರಲ್ಲಿ ಹೊಸದೊಂದು ಬಂತು. ನನ್ನದೇ ಗೋಡೆ, ಅದರ ಮುಂದೆ ತಲೆ ಬಗ್ಗಿಸಿ ಕುಳಿತ ಗಂಡಸಿನ ಬೆನ್ನು. ಭುಜದಲ್ಲಿ ಹೊಲಿಗೆ ಬಿಟ್ಟ ಆ ಅಂಗಿ ನನ್ನ ಮೈಮೇಲಿತ್ತು.

ಥಟ್ಟನೆ ತಿರುಗಿದೆ. ಚಿಲಕ ಹಾಕಿದಂತೆಯೇ ಇತ್ತು. ಚೂರುಗಳು ಇಟ್ಟಲ್ಲೇ ಇದ್ದವು. ಅಕ್ಕನ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸೋಸುವ ಜರಡಿ.

“ಏನ್ ನೋಡ್ಲತ್ತಿ ತಮ್ಮಾ?”

“ಏನಿಲ್ಲಕ್ಕಾ.”

ತಿಳಿದವರನ್ನು ಆಮೇಲೆ ಕೇಳಿದೆ. ಖಾತೆ ತೆಗೆಯದೆ ಫೋನು ಕೊಟ್ಟದ್ದರಿಂದ ಅವಳ ಚಿತ್ರಗಳು ಬಂದವೆಂದರು. ಫೋನು ಒಡೆದ ಮೇಲೆ ಬಂದ ನನ್ನ ಬೆನ್ನಿನ ಚಿತ್ರ ತೋರಿಸಿದೆ; ಹಾಗೆ ಬರಲು ಸಾಧ್ಯವೇ ಇಲ್ಲವೆಂದರು. ಅದೊಂದನ್ನು ನಾನು ಅಳಿಸಿಲ್ಲ.

ಅಕ್ಕ ಮರಳಿ ಪುಣೆಗೆ ಹೋಗಲಿಲ್ಲ, ನನ್ನ ಜೊತೆಗೇ ಇದ್ದಾಳೆ. ಆದರೆ ನಾನು ಒಳಗೆ ಬಂದರೆ ಸೆರಗನ್ನು ಬೆನ್ನ ತುಂಬ ಎಳೆದುಕೊಳ್ಳುತ್ತಾಳೆ. ಮೊದಲು ಹಾಗೆ ಮಾಡುತ್ತಿರಲಿಲ್ಲ.