ಓಡಿಹೋದವಳ ಚಳಿಗಾಲ

ಚಳಿಯಲ್ಲಿ ಓಡಲು ಹುಮ್ಮಸ್ಸು ತಂದುಕೊಳ್ಳುವುದು ಹೇಗೆ ಎಂದು ವಾರಪತ್ರಿಕೆಗೆ ಬರೆಯುವವರು ಆ ಲೇಖನವನ್ನು ಮಧ್ಯಾಹ್ನ ಉಂಡ ಮೇಲೆ ಬರೆದಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿನೀರಿಗೆ ಜೇನು ಬೆರೆಸಿ ಕುಡಿಯಿರಿ, ಕನ್ನಡಿಯೆದುರು ನಿಂತು ಗುರಿಯನ್ನು ನೆನೆಯಿರಿ. ಬೆಳಗಿನ ಐದಕ್ಕೆ ನಮ್ಮ ಮನೆಯಲ್ಲಿ ಕರೆಂಟು ಇರುವುದಿಲ್ಲ. ಕನ್ನಡಿಯಲ್ಲಿ ಗುರಿ ಹಾಗಿರಲಿ, ನನ್ನ ಮೂಗೂ ಕಾಣುವುದಿಲ್ಲ.

ಗುರಿ ನನಗೂ ಇತ್ತು. ಎಂ.ಎ. ಮುಗಿಸಿ, ಸಬ್ ಇನ್ಸ್‌ಪೆಕ್ಟರ್ ಕೆಲಸದ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಸೇಲಂನಲ್ಲಿ ಓಟದ ಪರೀಕ್ಷೆ. ಹೇಳಿದ ಹೊತ್ತಿನೊಳಗೆ ಓಡಿ ಮುಟ್ಟದಿದ್ದರೆ ಓದಿದ್ದೆಲ್ಲ ದಂಡ. ಅಷ್ಟು ದೊಡ್ಡ ಗುರಿಯೂ ಅದರ ಹಿಂದಿನ ಮಾರ್ಗಳಿ ತಿಂಗಳ ಮಂಜಿನಲ್ಲಿ ಕಂಬಳಿಯೆದುರು ಸೋತಿತು. ಮೊದಲ ವಾರ ಅದನ್ನು ಮಲಗಿಕೊಂಡೇ ನೆನೆದೆ.

“ಏಳ್ಲೇ, ಕೋಳಿನೂ ಎದ್ದೈತೆ, ಇನ್‌ಸ್ಪೆಟ್ರಮ್ಮ ಇನ್ನಾ ಎದ್ದಿಲ್ಲ” ಎಂದು ಅವ್ವ ದಿನವೂ ಹಂಗಿಸುತ್ತಿದ್ದಳು.

ಎರಡನೆಯ ವಾರ ಎದ್ದೆ. ಸೇಲಂ ಜಿಲ್ಲೆಯ ಕಡಯಂಪಟ್ಟಿಯ ಆಚೆಗಿನ ನಮ್ಮ ಕನ್ನಡದವರ ಊರಿನಿಂದ ಓಮಲೂರು ರಸ್ತೆಯವರೆಗೆ ಓಡಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ರಂಗೋಲಿಯ ಕೋಲ ಹಾಕುತ್ತಿದ್ದ ಪಕ್ಕದ ಮನೆಯ ಮಾದಮ್ಮ ನನ್ನ ಬಗ್ಗೆ ಕೇಳಿದಳಂತೆ, “ಪಾಪಾನ ಕಾಣೆನಲ್ಲಕ್ಕಾ?”

ಒಲೆ ಊದುತ್ತಿದ್ದ ಅವ್ವ ತಲೆಯೆತ್ತದೆ ಹೇಳಿದಳು: “ಅವ್ಳಾ? ಆಗ್ಲೇ ಓಡೋದ್ಲು.”

ಈ ಕ್ರಿಯಾಪದದ ಬಗ್ಗೆ ಎರಡು ಮಾತು. ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಯಾರ ಜೊತೆ ಎಂದು ಯಾರೂ ಕೇಳುವುದಿಲ್ಲ. ಮದುವೆಯಾಗದ ಹುಡುಗಿ ‘ಓಡಿಹೋದಳು’ ಎಂದರೆ ಮಾತ್ರ ಕನ್ನಡದಲ್ಲೂ ತಮಿಳಿನಲ್ಲೂ ಪಕ್ಕದಲ್ಲಿ ಒಬ್ಬ ಗಂಡಸು ತಾನಾಗಿಯೇ ಹುಟ್ಟಿಕೊಳ್ಳುತ್ತಾನೆ. ನಾನು ರಸ್ತೆ ಮುಟ್ಟುವಷ್ಟರಲ್ಲಿ ಮಾದಮ್ಮನ ಬಾಯಿಂದ ಹೊರಟ ಅವನು ಐದು ಮನೆ ದಾಟಿ, ಎಡಪ್ಪಾಡಿ ಊರಿನ ಮಗ್ಗದವನೂ ಆಗಿಬಿಟ್ಟಿದ್ದ. ನನಗಿಂತ ಚೆನ್ನಾಗಿ ಓಡುತ್ತಿದ್ದ.

ಅಪ್ಪ ತೀರಿಹೋದ ಮೇಲೆ ನಮ್ಮ ಮನೆಯ ಮಾನದ ಮೇಲ್ವಿಚಾರಣೆ ಚಿಕ್ಕಪ್ಪನದು. ಸುದ್ದಿ ಕೇಳಿದ್ದೇ ಅವರು ಮಂಕಿ ಕ್ಯಾಪ್ ಏರಿಸಿ ಮೊಪೆಡ್ ಹತ್ತಿ ನನ್ನನ್ನು ಹುಡುಕಿ ಬಂದರು. ನಾನು ಏದುಸಿರು ಬಿಡುತ್ತ ಊರಿನ ಕಡೆಗೆ ಮರಳುತ್ತಿದ್ದೆ.

“ಎಲ್ಲೇ ಅವ್ನು?”

“ಯಾರು ಚಿಕ್ಕಪ್ಪ?”

“ಯಾರಾ? ಬಸ್ ಅತ್ಸಿ ಕಳಿಸ್‌ಬುಟ್ಯಾ?”

ನನ್ನ ಬೆನ್ನ ಹಿಂದೆ ಇಣುಕಿದರು. ಅಲ್ಲಿ ಒಂದು ಎಮ್ಮೆ ಇತ್ತು. ಓಡಿಹೋದವಳು ಊರಿನ ಕಡೆಗೇ ಓಡಿಬರುತ್ತಾಳೆಯೇ ಎಂದು ಅವರಿಗೆ ಹೊಳೆಯಲಿಲ್ಲ. ಮಂಕಿ ಕ್ಯಾಪಿನೊಳಗೆ ಯೋಚನೆಗೆ ಜಾಗ ಕಡಿಮೆ.

ಮನೆಗೆ ಬಂದ ಮೇಲೆ ತೀರ್ಪಾಯಿತು. “ಮಾನಂ ಪೋಚು, ಮಾನ ಓಯ್ತು ಅತ್ಗೆ! ಇನ್ನ ಓಟಾನೂ ಬ್ಯಾಡ, ಪರೀಕ್ಸೆನೂ ಬ್ಯಾಡ.”

“ಅಲ್ಲಪ್ಪಾ, ರನ್ನಿಂಗ್ ಓಗವ್ಳೆ ಅನ್ನೋ ಅರ್ತದಾಗೇ ನಾ ಏಳಿದ್ದು.”

“ಅಂಗಾದ್ರೆ ರನ್ನಿಂಗ್ ಅಂತ ಏಳ್ಬೇಕಿತ್ತು!”

ಒಂದು ಇಂಗ್ಲಿಷ್ ಪದ ಹೊದಿಸಿದ್ದರೆ ನನ್ನ ಓಟಕ್ಕೆ ಮರ್ಯಾದೆ ಬಂದಿರುತ್ತಿತ್ತು. ನನ್ನ ಭಾಷೆಯಲ್ಲಿ ಓಡಿದ್ದು ತಪ್ಪಾಯಿತು.

ಮರುದಿನ ಕೋಳಿಗಿಂತ ಮೊದಲೇ ಎದ್ದೆ. ಜೇನು ಮಾಡಲಾಗದ್ದನ್ನು ಸಿಟ್ಟು ಮಾಡಿತ್ತು. ಹುಮ್ಮಸ್ಸು ಮುಂಜಾನೆಗೆ ಆರುತ್ತದೆ. ಸಿಟ್ಟು ಹಾಗಲ್ಲ, ಬೂದಿಯೊಳಗಿನ ಕೆಂಡದಂತೆ ಬೆಳಗಿನವರೆಗೂ ಇರುತ್ತದೆ. ಬಾಗಿಲಲ್ಲಿ ಚಿಕ್ಕಪ್ಪ ಅಡ್ಡ ನಿಂತರು. ಅವ್ವ ಸೌದೆ ಮುರಿಯುತ್ತಲೇ ಹೇಳಿದಳು: “ಅವ್ಳು ಓಗೇ ಓಯ್ತಾಳೆ. ನಂಬಿಕೆ ಇಲ್ದಿದ್ರೆ ನೀನೂ ಜೊತೀಗೋಗು.”

ಮೂರು ದಿನ ನನ್ನ ಹಿಂದೆ ಮೊಪೆಡ್ ಕೆಮ್ಮುತ್ತ ಬಂತು. ಅದರ ಮೇಲೆ ಚಿಕ್ಕಪ್ಪನೂ ಕೆಮ್ಮುತ್ತ ಬಂದರು. ಓಡುವವಳಿಗೆ ಬೆವರು, ಕಾಯುವವನಿಗೆ ನಡುಕ. ನಾಲ್ಕನೆಯ ದಿನ ಮೊಪೆಡ್ಡಿನ ಸದ್ದಿಲ್ಲ. ವಿಧೇಯಳಾಗಿ ಅವರ ಬಾಗಿಲು ತಟ್ಟಿದೆ. “ಚಿಕ್ಕಪ್ಪಾ, ಒತ್ತಾಯ್ತು.”

ಒಳಗಿನಿಂದ, ಕಂಬಳಿಯ ಎರಡು ಪದರ ದಾಟಿ, ದನಿ ಬಂತು: “ನೀನೇ ಓಗ್ಬಾಮ್ಮಾ. ನಿನ್ ಮ್ಯಾಲೆ ನಂಗೆ ನಂಬಿಕೆ ಐತೆ.”

ತೈ ತಿಂಗಳಲ್ಲಿ, ಹೇಳಿದ ಹೊತ್ತಿಗಿಂತ ಮೊದಲೇ ಓಡಿ ಮುಟ್ಟಿದೆ. ಹೆಣ್ಣುಮಕ್ಕಳ ಮೇಲೆ ಸಮಾಜಕ್ಕೆ ನಂಬಿಕೆ ಹುಟ್ಟಬೇಕಾದರೆ ವಿದ್ಯೆ ಹರಡಬೇಕು, ಕಾಲ ಬದಲಾಗಬೇಕು ಎಂದು ಕಾಲೇಜಿನಲ್ಲಿ ಬಹಳ ಶ್ರದ್ಧೆಯಿಂದ ಬರೆದು ಅಂಕ ಪಡೆದಿದ್ದೆ. ಅಷ್ಟೆಲ್ಲ ಬೇಡ. ಬೆಳಗಿನ ಐದಕ್ಕೆ ಒಳ್ಳೆಯ ಚಳಿಯಿದ್ದರೆ ಸಾಕು.