ಮುಂದಿನ ಬ್ರೇಕಿಗೆ ಹಚ್ಚಿದ ಗಂಧ

ಸತ್ತವರು ಬಂದರು, ಹೋದರು ಎನ್ನುವ ಮಾತು ಯಾರಾದರೂ ಶುರುಮಾಡಿದರೆ ಕಾಫಿ ಲೋಟ ಹಿಡಿದುಕೊಂಡು ಅಲ್ಲಿಂದ ಎದ್ದು ಹೋಗುವವನು ನಾನು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸವಾಗಿತ್ತು. ದಿನವಿಡೀ ಬೇರೆಯವರ ತಪ್ಪು ಹುಡುಕುವವನಿಗೆ ನಂಬಿಕೆ ಅಷ್ಟು ಸುಲಭವಾಗಿ ಬರುವುದಿಲ್ಲ. ಈಗಲೂ ಬಂದಿದೆ ಎಂದು ಹೇಳಲಾರೆ. ಆದರೂ ಒಂದು ಸಂಜೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ಸಂತೋಷ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಶಂಕರಪುರದ ಒಂದು ವಠಾರದಲ್ಲಿ ನಾನು ಮತ್ತು ನನ್ನ ಅಕ್ಕ ಇದ್ದೆವು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಆಗುವ ವಯಸ್ಸೂ ದಾಟಿತ್ತು. ಅಕ್ಕ ಮನೆಯಲ್ಲೇ ಹೊಲಿಗೆ ಹೇಳಿಕೊಡುತ್ತಿದ್ದಳು. ನನ್ನ ಹಳೆಯ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು ಅವಳದು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಂದು ಪಕ್ಕಕ್ಕೆ ಕೂತು, ಗಾಂಧಿಬಜಾರು ಮುಟ್ಟುವವರೆಗೂ ನಿಧಾನ, ನಿಧಾನ ಎಂದು ನನ್ನ ತಲೆ ತಿನ್ನುತ್ತಿದ್ದಳು.

ಆಯುಧಪೂಜೆಯ ದಿನ ಎಲ್ಲರೂ ಗಾಡಿಯ ದೀಪಕ್ಕೆ, ಟ್ಯಾಂಕಿಗೆ ಗಂಧ ಕುಂಕುಮ ಇಟ್ಟು ಸುಮ್ಮನಾಗುತ್ತಾರೆ. ಅಕ್ಕ ಮಾತ್ರ ಸಾಣೆಕಲ್ಲಿನ ಮೇಲೆ ತಾನೇ ತೇಯ್ದ ಗಂಧವನ್ನು ಮುಂದಿನ ಬ್ರೇಕಿನ ಹಿಡಿಯ ಬುಡಕ್ಕೂ ಮೆತ್ತುತ್ತಿದ್ದಳು. ಹಿಡಿ ಬೋಲ್ಟಿನ ಮೇಲೆ ತಿರುಗುವ ಸಂದಿಯೇ ಅವಳಿಗೆ ಬೇಕು. “ಗಾಡಿ ಓಡ್ಲಿ ಅಂತ ಎಲ್ರೂ ಪೂಜೆ ಮಾಡ್ತಾರೆ, ನಿಲ್ಲಲಿ ಅಂತ ಯಾರು ಮಾಡ್ತಾರೋ?” ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಗಂಧ ಬಿಗಿದುಕೊಂಡು, ಒತ್ತಿದ ಹಿಡಿ ವಾಪಸ್ಸು ಬರುತ್ತಿರಲಿಲ್ಲ. ಮಾರನೆಯ ದಿನ ನಾನು ಗೊಣಗುತ್ತಾ ಬೋಲ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅವಳ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಟ್ಟು ಜೋಡಿಸಬೇಕು. ಅವಳು ಹೊಸ್ತಿಲ ಮೇಲೆ ಕೂತು ನಗಬೇಕು. ನಮ್ಮ ಮನೆಯ ಹಬ್ಬ ಪೂರ್ತಿಯಾಗುತ್ತಿದ್ದದ್ದು ಹಾಗೆ.

ಒಂದು ಬೇಸಿಗೆಯಲ್ಲಿ ಅಕ್ಕ ಕಾಮಾಲೆಯಿಂದ ತೀರಿಕೊಂಡಳು. ಆಮೇಲೆ ನನಗೆ ಗಾಡಿ ಹತ್ತುವುದೇ ಬೇಡವಾಯಿತು. ಹಿಂದೆ ಭಾರವಿಲ್ಲದ ಗಾಡಿ ತಿರುವಿನಲ್ಲಿ ಬೇರೆಯದೇ ರೀತಿ ವಾಲುತ್ತದೆ, ಓಡಿಸಿದವರಿಗೆ ಗೊತ್ತು. ಮಾರಿಬಿಡೋಣ ಎಂದು ತೀರ್ಮಾನ ಮಾಡಿದೆ. ಅವೆನ್ಯೂ ರಸ್ತೆಯ ಕಾಗದದ ಅಂಗಡಿಯ ಶಿವಣ್ಣ ಕೊಳ್ಳಲು ಒಪ್ಪಿದರು. ವಿಜಯದಶಮಿ ಒಳ್ಳೆಯ ದಿನ, ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರು.

ಅದರ ಹಿಂದಿನ ದಿನ ಆಯುಧಪೂಜೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಬೆಳಗ್ಗೆ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದೆ, ಬ್ರೇಕು ಚೆನ್ನಾಗಿಯೇ ಇತ್ತು. ಅಂಗಳದಲ್ಲಿ ನಿಲ್ಲಿಸಿ ಹಳೆಯ ದುಪ್ಪಟಿ ಹೊದಿಸಿ, ಹಗ್ಗ ಬಿಗಿದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಬೀದಿಯಲ್ಲಿ ಕುಂಬಳಕಾಯಿ ಒಡೆಯುವ ಸದ್ದು, ಗಂಟೆಯ ಸದ್ದು ಕೇಳುತ್ತಲೇ ಇತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಕರೆಯುವ ಹಾಗೂ ಇರಲಿಲ್ಲ. ಅವತ್ತಿನಷ್ಟು ಒಂಟಿ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ, ಕೊಡುವ ಮುಂಚೆ ಗಾಡಿಯನ್ನು ಒರೆಸಿಡೋಣವೆಂದು ಹೊರಗೆ ಬಂದೆ. ಹಗ್ಗದ ಗಂಟು ನಾನು ಹಾಕಿದ ಹಾಗೆಯೇ ಇತ್ತು. ದುಪ್ಪಟಿ ತೆಗೆದು ಅಭ್ಯಾಸಬಲದಿಂದ ಮುಂದಿನ ಬ್ರೇಕು ಒತ್ತಿದೆ. ಹಿಡಿ ಒಳಗೆ ಹೋಯಿತು, ವಾಪಸ್ಸು ಬರಲಿಲ್ಲ.

ಕೇಬಲ್ಲು ತುಕ್ಕು ಹಿಡಿದಿರಬೇಕು ಎಂದುಕೊಂಡೆ. ಕೇಬಲ್ಲಿನ ತುದಿ ಕಳಚಿ ಎಳೆದು ನೋಡಿದರೆ ಅದು ಸಲೀಸಾಗಿ ಆಡುತ್ತಿತ್ತು. ಹಿಡಿ ಮಾತ್ರ ಅಲ್ಲೇ ಅಂಟಿಕೊಂಡಿತ್ತು. ಲಾಟೀನು ತಂದಿಟ್ಟುಕೊಂಡು ಬೋಲ್ಟು ಬಿಚ್ಚಿದೆ. ಸಂದಿಯ ಒಳಗೆಲ್ಲ ಗಂಧ ಮೆತ್ತಿತ್ತು, ನಡುವೆ ಚಿಟಿಕೆ ಕುಂಕುಮ. ಅಂಚಿನಲ್ಲಿ ಒಣಗಿತ್ತು, ಮಧ್ಯದಲ್ಲಿ ಇನ್ನೂ ಹಸಿ. ಹಿಡಿಯ ಹೊರಗಡೆ ಒಂದು ಚುಕ್ಕೆಯೂ ಇರಲಿಲ್ಲ.

ಪಕ್ಕದ ಮನೆಯ ಗಿರಿಜಮ್ಮ ತುಳಸಿಗೆ ದೀಪ ಇಡುತ್ತಿದ್ದರು. ಗಾಡಿಗೆ ನೀವೇನಾದರೂ ಪೂಜೆ ಮಾಡಿದಿರಾ ಎಂದು ಕೇಳಿದೆ.

“ನಾವ್ಯಾಕಪ್ಪ ಮುಟ್ತೀವಿ? ನಿಮ್ಮನೇಲಿ ಈ ಸಲ ಹಬ್ಬ ಇಲ್ಲ ಅಂತ ಗೊತ್ತಿಲ್ವಾ? ನಿನಗೆ ಬೇಜಾರಾಗ್ಬಾರ್ದು ಅಂತ ನಮ್ಮ ಸ್ಕೂಟರ್‌ನೂ ಬೀದೀಲೇ ನಿಲ್ಸಿ ಪೂಜೆ ಮಾಡಿದ್ವಿ” ಎಂದರು. ನನ್ನ ಮುಖ ನೋಡಿ, “ಊಟ ಮಾಡಿದ್ಯೇನೋ?” ಎಂದರು. ಹೂಂ ಎಂದೆ, ಮಾಡಿರಲಿಲ್ಲ.

ಒಳಗೆ ಹೋಗಿ ಅಟ್ಟದಿಂದ ಸಾಣೆಕಲ್ಲು ಇಳಿಸಿದೆ. ಬೇಸಿಗೆಯಲ್ಲಿ ಕಾಗದ ಸುತ್ತಿಟ್ಟದ್ದು ಹಾಗೆಯೇ ಇತ್ತು. ಕಲ್ಲು ಒಣಗಿತ್ತು, ಕಾಗದದ ಮೇಲೆ ಧೂಳು ಕೂತಿತ್ತು. ಹಿಂದಿನ ವರ್ಷದ ಗಂಧ ಉಳಿದಿತ್ತೇ? ನಾನೇ ಕೈಯಾರೆ ತೊಳೆದಿದ್ದೆ. ಉಳಿದಿದ್ದರೂ ವರ್ಷದ ಗಂಧ ಹಸಿಯಾಗಿರುವುದು ಹೇಗೆ? ಯಾರೋ ತಮಾಷೆಗೆ ಮಾಡಿದರೇ? ಹಬ್ಬದ ದಿನ ಹಗ್ಗ ಬಿಚ್ಚಿ, ಬೋಲ್ಟು ಕಳಚಿ, ಒಳಗೆ ಗಂಧ ತುಂಬಿ, ಮತ್ತೆ ಎಲ್ಲವನ್ನೂ ಜೋಡಿಸಿ ಹೋಗುವಷ್ಟು ಪುರುಸೊತ್ತು ಯಾರಿಗಿತ್ತು?

ಮತ್ತೆ ಅಂಗಳಕ್ಕೆ ಬಂದು ಗಾಡಿಯ ಪಕ್ಕ ಕೂತೆ. ರೂಢಿಯಂತೆ ಗೊಣಗೋಣವೆಂದು ಬಾಯಿ ತೆರೆದೆ, ಅಳು ಬಂತು. ಹೊಸ್ತಿಲ ಕಡೆ ತಿರುಗಿ ನೋಡಿದೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಜೋಡಿಸಿದೆ.

ಬೆಳಿಗ್ಗೆ ಶಿವಣ್ಣ ಹೂವಿನ ಹಾರ ಹಿಡಿದುಕೊಂಡೇ ಬಂದರು. ಗಾಡಿ ಕೊಡುವುದಿಲ್ಲ ಎಂದೆ.

“ಇದೇನ್ ಸಾರ್, ಕೊಡ್ತೀನಿ ಅಂದಿದ್ರಲ್ಲ?”

“ಮುಂದಿನ ಬ್ರೇಕ್ ಸರಿ ಇಲ್ಲ ಶಿವಣ್ಣ.”

ಅವರು ಹಿಡಿಯನ್ನು ಒತ್ತಿ ಬಿಟ್ಟರು. ಅದು ಟಕ್ಕನೆ ವಾಪಸ್ಸು ಬಂತು. ನನ್ನನ್ನೊಮ್ಮೆ ನೋಡಿದರು, ಹಾರವನ್ನು ಗಾಡಿಗೇ ಹಾಕಿ ಹೋದರು.

ಗಾಡಿ ಇನ್ನೂ ನನ್ನ ಹತ್ತಿರವೇ ಇದೆ. ಅದರ ಮುಂದಿನ ವರ್ಷದಿಂದ ಮನೆಯಲ್ಲಿ ಹಬ್ಬ ಮತ್ತೆ ಶುರುವಾಯಿತು. ದೀಪಕ್ಕೂ ಟ್ಯಾಂಕಿಗೂ ನಾನೇ ಗಂಧ ಇಡುತ್ತೇನೆ. ಬ್ರೇಕಿನ ಬುಡವನ್ನು ಮಾತ್ರ ಬೇಕೆಂದೇ ಬಿಟ್ಟು, ದುಪ್ಪಟಿ ಹೊದಿಸಿ, ಬಾಗಿಲು ಹಾಕಿಕೊಂಡು ಒಳಗಿರುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು ಹಿಡಿಯನ್ನು ಒತ್ತುತ್ತೇನೆ. ಪ್ರತಿ ಸಲವೂ ಅದು ಟಕ್ಕನೆ ವಾಪಸ್ಸು ಬರುತ್ತದೆ.