ಮರುಗ ಹೆಣೆದ ಸೆಹ್ರಾ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಕಲಬುರಗಿಯ ನಮ್ಮ ಶಾಲೆಯಲ್ಲಿ ಹೂವಿನ ಅಲಂಕಾರ ಮತ್ತು ಹೂವಿನ ವ್ಯಾಪಾರವನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ಹೊಲಿಗೆ, ಕಂಪ್ಯೂಟರ್, ಹೂವು, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಹೂವಿನ ಕೋಣೆಯಲ್ಲಿ ಬಕೆಟ್ಟುಗಳ ತುಂಬ ನೀರಿರುತ್ತಿತ್ತು, ಆ ನೀರಿನ ಬೆಳಕು ಚಾವಣಿಯ ಮೇಲೆ ಅಲುಗಾಡುತ್ತಿತ್ತು. ಕಮಲಾಪುರದಿಂದ ಬಸ್ಸಿನಲ್ಲಿ ಬೆವರುತ್ತ ಬರುವ ನನಗೆ ಹೂವನ್ನೇ ಆರಿಸಿಕೊಳ್ಳಲು ಅಷ್ಟೇ ಸಾಕಾಯಿತು.

ನಮ್ಮ ಟೀಚರು ಬಹಳ ವರ್ಷ ಹೈದರಾಬಾದಿನಲ್ಲಿ ಮದುವೆ ಮಂಟಪಗಳನ್ನು ಅಲಂಕರಿಸಿದವರು. ಮೆಲುದನಿಯಲ್ಲಿ ಮಾತಾಡುತ್ತಿದ್ದರು. ದಂಟನ್ನು ನೀರೊಳಗೇ ಓರೆಯಾಗಿ ಕತ್ತರಿಸುವುದು, ದೊಡ್ಡ ಹೂವಿನ ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಬಿಡುವುದು, ಎಲ್ಲವನ್ನೂ ಅವರು ಅವಸರವಿಲ್ಲದೆ ಮಾಡಿ ತೋರಿಸುತ್ತಿದ್ದರು. ವ್ಯಾಪಾರದ ಪಾಠವೂ ಹಾಗೆಯೇ. "ಗಿರಾಕಿ ಬಂದ್ರ ಮೊದಲು ಕೂಡಸ್ರಿ. ಹೂವು ಯಾರಿಗೆ ಅಂತ ಕೇಳ್ರಿ. ಬಣ್ಣ, ರೇಟು ಎಲ್ಲಾ ಆಮ್ಯಾಲ," ಎನ್ನುತ್ತಿದ್ದರು.

ಮಾಘದ ಚಳಿ ಇಳಿಯುವ ಹೊತ್ತಿಗೆ ನಮ್ಮ ತರಗತಿಗೆ ಮೊದಲ ಆರ್ಡರ್ ಬಂತು. ಕೋಟೆಯ ಹತ್ತಿರದ ಒಂದು ಮನೆಯ ಮದುಮಗನಿಗೆ ಸೆಹ್ರಾ ಬೇಕಾಗಿತ್ತು. ನಿಕಾಹ್ ದಿನ ಮದುಮಗನ ಹಣೆಯಿಂದ ಎದೆಯವರೆಗೆ ಇಳಿಬಿಡುವ ಹೂವಿನ ಪರದೆ ಅದು. ಬಿಳಿ ಸೇವಂತಿಗೆಯ ನಡುವೆ ಸಣ್ಣ ಆರ್ಕಿಡ್ ಸೇರಿಸಿ ನಾನೊಂದು ಮಾದರಿ ಹೆಣೆದೆ. ಟೀಚರು ಅದನ್ನು ಹಿಡಿದು, ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋದರು.

ಮಾದರಿಯನ್ನು ನೋಡಬೇಕಾದವರು ಮದುಮಗನ ಅಜ್ಜಿ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ದಿವಾನದ ಮೇಲೆ ಕೂತು ಒಂದೊಂದೇ ಎಳೆಯನ್ನು ಬೆರಳಲ್ಲಿ ಸವರಿದರು. ಮೂಗಿನ ಹತ್ತಿರ ತಂದರು. ಆಮೇಲೆ ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡರು.

"ಹೂವು ತಾಜಾ ಅವ ಬೇಟಾ. ಖರೆ, ಖುಷ್ಬೂನೇ ಇಲ್ಲಲ್ಲ."

ಎಳೆಗಳ ಮೇಲೆ ಕೈಯಿಟ್ಟುಕೊಂಡೇ ಅಜ್ಜಿ ಮುಂದುವರಿಸಿದರು. "ನಮ್ಮ ಶಾದಿಯೊಳಗ ಅವರ ಮುಖ ನಾ ನೋಡಿರಲಿಲ್ಲ. ಬಾಜೂಕ ಬಂದು ಕುಂತಾಗ ಮಲ್ಲಿಗಿ, ಮರುಗದ ವಾಸನಿ ಬಂತು. ಬಂದ್ರು ಅಂತ ತಿಳೀತು. ಈಗ ಮೊಮ್ಮಗ ಬರೋದೂ ನನಗ ಕಾಣಂಗಿಲ್ಲ."

"ಮರುಗ ನಮ್ಮ ಹಿತ್ತಲದಾಗ ಅದ್ರೀ," ಎಂದೆ. "ಮಲ್ಲಿಗಿನೂ ಈಗ ಸುರು ಆಗ್ಯಾದ."

ಅಜ್ಜಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಹಂಗಿದ್ರ ಅದನ್ನೇ ತಾ."

ಮದುವೆಯ ದಿನ ಸೂರ್ಯ ಹುಟ್ಟುವ ಮೊದಲೇ ಅವ್ವ ನನ್ನನ್ನು ಎಬ್ಬಿಸಿದಳು. ಕೆಂಪು ಬಾಳೆಯ ಸಾಲಿನ ಆಚೆ ಮಂಜು ಕೂತಿತ್ತು. ನಾವಿಬ್ಬರೂ ಹಿತ್ತಲಲ್ಲಿ ಮಲ್ಲಿಗೆಯ ಮೊಗ್ಗು ಬಿಡಿಸಿದೆವು. ಮರುಗದ ಕುಡಿ ಚಿವುಟಿದಾಗಲೆಲ್ಲ ಆ ತಣ್ಣನೆಯ, ಸ್ವಲ್ಪ ಕಹಿಯಾದ ವಾಸನೆ ಮೇಲೆದ್ದು ಮಂಜಿನಲ್ಲೇ ನಿಲ್ಲುತ್ತಿತ್ತು. ಅವ್ವ ತನ್ನ ಹಳೆಯ ನೂಲಿನ ಸೀರೆಯ ತುಂಡನ್ನು ನೆನೆಸಿ, ಅದರಲ್ಲಿ ಎಲ್ಲವನ್ನೂ ಗಂಟು ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಆ ಗಂಟು ನನ್ನ ತೊಡೆಯ ಮೇಲಿತ್ತು. ವಾಸನೆ ಸೀಟಿನಿಂದ ಸೀಟಿಗೆ ಹರಡಿತು. ಜಗಳವಾಡುತ್ತಿದ್ದ ಇಬ್ಬರು ದನಿ ತಗ್ಗಿಸಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಹಿಂದೆ ತಿರುಗಿ ನೋಡಿ ಕಣ್ಣು ಮುಚ್ಚಿಕೊಂಡಳು. ತೊಗರಿ ಕೊಯ್ದ ಹೊಲಗಳು ಕಿಟಕಿಯಾಚೆ ಹಿಂದಕ್ಕೆ ಸರಿಯುತ್ತಿದ್ದವು. ಬಸ್ಸು ನೆಲ ಮುಟ್ಟದೆ ಹೋಗುತ್ತಿದೆ ಅನ್ನಿಸುತ್ತಿತ್ತು.

ತರಗತಿಯವರೆಲ್ಲ ಕೂತು ಮಧ್ಯಾಹ್ನದವರೆಗೆ ಸೆಹ್ರಾ ಕಟ್ಟಿದೆವು. ಸಂಜೆ ನಾನೂ ಟೀಚರೂ ಅದನ್ನು ಒಯ್ದು ಕೊಟ್ಟು, ಅಂಗಳದ ಮೂಲೆಯಲ್ಲಿ ನಿಂತೆವು. ಅಜ್ಜಿ ಬಾಗಿಲ ಹತ್ತಿರ ಕೂತಿದ್ದರು. ಒಳಗಿನಿಂದ ಮದುಮಗ ಬರುತ್ತಿದ್ದ, ಮುಖ ಹೂವಿನ ಹಿಂದೆ. ಯಾರೂ ಹೇಳುವ ಮೊದಲೇ ಅಜ್ಜಿ ಅತ್ತ ತಿರುಗಿ ಎರಡೂ ಕೈ ಎತ್ತಿದರು.

"ಬಂದೇನಪಾ?"

ಅವನು ಬಾಗಿದ. ಹೂವಿನ ಎಳೆಗಳು ಅವರ ಅಂಗೈ ಮೇಲೆ ಬಿದ್ದವು. ಅವರು ಎಳೆಗಳನ್ನು ಸರಿಸಿ, ಒಳಗಿದ್ದ ಕೆನ್ನೆಯನ್ನು ಸವರಿದರು. ಹುಡುಗನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ನನಗೆ ಕಾಣಲಿಲ್ಲ. ಟೀಚರು ನನ್ನ ಬೆನ್ನಿನ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದರು.

ಓದು ಮುಗಿದ ಮೇಲೆ ನಾನು ಇದೇ ಕೆಲಸ ಹಿಡಿದೆ. ಈಗ ಸೇಡಂ ರಸ್ತೆಯಲ್ಲಿ ನನ್ನದೇ ಅಂಗಡಿಯಿದೆ. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಟೀಚರು ನನ್ನನ್ನು ಬಸ್ಸು ಹತ್ತಿಸಿ ಹೋದರು. ಕಿಟಕಿಗೆ ತಲೆಯಾನಿಸಿದ್ದಷ್ಟೇ ನೆನಪು.

"ಏಳವ್ವ, ಹುಮನಾಬಾದ ಬಂತು," ಎಂದು ಕಂಡಕ್ಟರ್ ಎಬ್ಬಿಸಿದ. ಕಮಲಾಪುರ ಯಾವಾಗಲೋ ದಾಟಿಹೋಗಿತ್ತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ; ಬೆರಳುಗಳಲ್ಲಿ ಇನ್ನೂ ಮರುಗದ ವಾಸನೆಯಿತ್ತು. ಅವನ ಫೋನಿನಿಂದಲೇ ಅವ್ವನಿಗೆ ಸುದ್ದಿ ಹೇಳಿ, ವಾಪಸ್ ಬಸ್ಸಿಗಾಗಿ ಕಲ್ಲುಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತೆ.